ದೆವ್ವಕ್ಕೊಂದು ಹಲ್ಲುಸೆಟ್ಟು

ಜನವರಿ 12

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಫೋನ್ ಮಾಡಿದರೆ ನಾನು ಕಿರುಚಬೇಕು, ನೀವು "ಏನು? ಏನು?" ಅನ್ನಬೇಕು, ಅಪ್ಪ ಮಗಳು ಮತ್ತೆ ಜಗಳಕ್ಕೆ ನಿಂತರು ಎಂದು ಪಕ್ಕದ ಮನೆಯವರು ಕಿಟಕಿ ತೆರೆಯಬೇಕು. ಅದಕ್ಕೇ ಕಾಗದ. ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಸುತ್ತಿಬಳಸುವುದಿಲ್ಲ. ನನಗೆ ಒಂದು ಹಲ್ಲುಸೆಟ್ಟು ಬೇಕು. ದೆವ್ವಕ್ಕೆ.

ಹರಿದು ಹಾಕುವ ಮೊದಲು ಪೂರ್ತಿ ಓದಿ.

ಮೊದಲ ಸಿನಿಮಾದಲ್ಲಿ ಆದದ್ದನ್ನು ನಾನು ಮರೆತಿಲ್ಲ. ನಿಮ್ಮ ಹಲ್ಲು ಕಟ್ಟುವ ಅಂಗಡಿಯ ಕಪಾಟಿನಿಂದ ಒಂದು ಪ್ಲಾಸ್ಟರ್ ಅಚ್ಚು ಹೇಳದೆ ತೆಗೆದುಕೊಂಡೆ. ಅದನ್ನು ನೋಡಿ ದೆವ್ವದ ಹಲ್ಲು ಮಾಡಿದೆ. ಅಡಿಯಲ್ಲಿ ಅಂಟಿಸಿದ್ದ ಚೀಟಿ ಓದಲಿಲ್ಲ. ಅದು ಹೆಡ್‌ಮಾಸ್ಟರ ಸೆಟ್ಟಿನ ಅಚ್ಚು. "ಮುಂದಿನ ಹಲ್ಲಿನ ಸಂದು ಹಾಗೇ ಇರಲಿ, ಇಲ್ಲದಿದ್ರೆ ಮಕ್ಕಳಿಗೆ ನನ್ನ ಗುರುತೇ ಸಿಗಲ್ಲ" ಎಂದು ಅವರು ಹೇಳಿ ಮಾಡಿಸಿಕೊಂಡ ಸೆಟ್ಟು. ಟಾಕೀಸಿನಲ್ಲಿ ದೆವ್ವ ಮೊದಲ ಸಲ ಬಾಯಿ ತೆರೆದಾಗ ಹಿಂದಿನ ಸಾಲಿನವನೊಬ್ಬ "ಅಯ್ಯೋ, ನಮ್ ಹೆಡ್ಮಾಷ್ಟ್ರು!" ಎಂದು ಕೂಗಿದ. ಒಂದು ವರ್ಷ ಕೂತು ಮಾಡಿದ ಭಯದ ಸಿನಿಮಾಕ್ಕೆ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಡ್‌ಮಾಸ್ಟರು ಮೂರನೆಯ ಸಾಲಿನಲ್ಲಿದ್ದರು.

ಅವರಲ್ಲಿ ಒಮ್ಮೆ, ನಿಮ್ಮಲ್ಲಿ ಒಮ್ಮೆ ಕ್ಷಮೆ ಕೇಳಿದ್ದೇನೆ. ಮೂರನೆಯ ಸಲ ಕೇಳುವುದಿಲ್ಲ. ಸಿನಿಮಾ ಬಿಡುವುದೂ ಇಲ್ಲ. ಅಂಗಡಿಗೆ ಕಾಲಿಡಬೇಡ ಎಂದಿರಿ. ನಾನು ಇಡುವುದಿಲ್ಲ, ಅಂಚೆಯವನು ಇಡುತ್ತಾನೆ.

ಈ ದೆವ್ವ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಚಾದರ ಒಗೆದು ಮಡಚಿದವಳು. ಹೊಸ ಮೆಷಿನ್ ಬಂದ ದಿನ ಕೆಲಸದಿಂದ ತೆಗೆದರು. ಸತ್ತ ಮೇಲೂ ಕೆಲಸಕ್ಕೆ ಬರುತ್ತಾಳೆ. ಹಲ್ಲು ಉದ್ದ, ಚೂಪು, ಹಳದಿ ಇರಲಿ. ಅಚ್ಚು ನಾನೇ ತೆಗೆದು ಕಳಿಸುತ್ತೇನೆ. ಆ ಕೆಲಸ ನೀವೇ ಕಲಿಸಿದ್ದು.

ನಿಮ್ಮ ಮಗಳು,
ಮೊಂಡಿ


ಜನವರಿ 21

ಮೊಂಡಿಗೆ,

ಕಾಗದ ತಲುಪಿತು. ಆಗುವುದಿಲ್ಲ.

ಮೂವತ್ತೆಂಟು ವರ್ಷ ನಾನು ಬದುಕಿರುವವರಿಗೆ ಹಲ್ಲು ಕಟ್ಟಿದ್ದೇನೆ, ಅಗಿಯಲಿ, ಮಾತಾಡಲಿ, ಫೋಟೋಕ್ಕೆ ಬಾಯಿ ಬಿಡಲಿ ಎಂದು. ಹೆದರಿಸಲಿ ಎಂದಲ್ಲ. ಹೆಡ್‌ಮಾಸ್ಟರು ಈಗ ಪೇಟೆಯ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ಸಂದು ಮುಚ್ಚಿಸಿಕೊಂಡಿದ್ದಾರೆ. ಈಗ ಅವರು ನಕ್ಕರೆ ಯಾರೋ ಬೇರೆಯವರು ನಕ್ಕಂತಿರುತ್ತದೆ.

ನಿನ್ನ ಎರಡನೆಯ ಸಿನಿಮಾ ನೋಡಿದೆ. ಹೋದ ವರ್ಷ, ಮಧ್ಯಾಹ್ನದ ಆಟ. ನನಗೆ ಕೇಳಿಸುವುದಿಲ್ಲವಾದ್ದರಿಂದ ಬರೀ ನೋಡಿದೆ. ಮುಕ್ಕಾಲು ಭಾಗ ಸರಿಯಾಗಿತ್ತು. ಆಮೇಲೆ ಕಾವಿ ಬಟ್ಟೆಯವನೊಬ್ಬ ಬಂದು ಕೈಯಾಡಿಸಿದ, ದೆವ್ವ ಹೊಗೆಯಾಗಿ ಹೋಯಿತು. ಆ ಭಾಗ ನಿನ್ನ ಕೈಯದ್ದು ಅನ್ನಿಸಲಿಲ್ಲ. ಹೌದೋ ಅಲ್ಲವೋ ಬರೆ.

ಪ್ಲಾಸ್ಟರ್ ಅಚ್ಚನ್ನು ಬರೀ ಪೇಪರಿನಲ್ಲಿ ಸುತ್ತಿ ಅಂಚೆಗೆ ಹಾಕಿದರೆ ಪುಡಿಯಾಗುತ್ತದೆ. ತಿಳಿದಿರಲಿ ಎಂದು ಹೇಳಿದೆ, ಅಷ್ಟೇ.

ನಿನ್ನ ಅಪ್ಪ


ಫೆಬ್ರವರಿ 3

ಅಪ್ಪನಿಗೆ,

ಅಲ್ಲ. ಆ ಭಾಗ ನನ್ನದಲ್ಲ.

ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಒಪ್ಪಂದದಲ್ಲಿ "ಅಂತಿಮ ರೂಪ ನಿರ್ಮಾಪಕರ ಇಷ್ಟದಂತೆ" ಎಂಬ ಒಂದು ಸಾಲಿತ್ತು. ನಾನು ಸಹಿ ಹಾಕಿದೆ. ಸಿನಿಮಾ ಮುಗಿಸಿ ಕೊಟ್ಟ ಮೇಲೆ ಕೊನೆಯ ಹದಿನೈದು ನಿಮಿಷವನ್ನು ಬೇರೆಯವರಿಂದ ತೆಗೆಸಿ ಜೋಡಿಸಿದರು. ಮೊದಲ ದಿನ ಟಿಕೆಟ್ ತೆಗೆದುಕೊಂಡು ಜನರ ಜೊತೆ ಕೂತೆ. ಆ ಕಾವಿಯವನನ್ನು ನಾನು ಕಂಡದ್ದೂ ಆಗಲೇ, ನಿಮ್ಮ ಹಾಗೆಯೇ. ಮುಗಿದ ಮೇಲೆ ಪರದೆಯ ಮೇಲೆ ನನ್ನ ಹೆಸರು ಬಂತು. ಜನ ಎದ್ದು ಹೋದರು. ನಾನು ಏಳಲಿಲ್ಲ. ಗುಡಿಸುವ ಹೆಂಗಸು ಬಂದು "ಮುಂದಿನ ಆಟಕ್ಕೆ ಬೇರೆ ಟಿಕೆಟ್ ತಗೋಬೇಕಮ್ಮ" ಎಂದಳು.

ಆಮೇಲೆ ಒಂದು ವರ್ಷ ಹೊಟ್ಟೆಪಾಡಿಗೆ ಏನೇನೋ ತೆಗೆದೆ. ಮದುವೆ, ಒಲೆಯ ಜಾಹೀರಾತು, ಆಸ್ಪತ್ರೆಯೊಂದಕ್ಕೆ "ಕೈ ತೊಳೆಯುವ ಸರಿಯಾದ ಕ್ರಮ". ಆ ಆಸ್ಪತ್ರೆಯಲ್ಲೇ ಲಾಂಡ್ರಿ ಅಕ್ಕ ಸಿಕ್ಕಿದ್ದು. ಕೆಲಸ ಹೋಗಿ ವರ್ಷವಾಗಿತ್ತು. ಆದರೂ ಬೆಳಿಗ್ಗೆ ಎಂಟಕ್ಕೆ ಬಂದು ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು.

"ಯಾರಿಗಾದ್ರೂ ಕಾಯ್ತಿದ್ದೀರಾ ಅಕ್ಕ?" ಎಂದೆ.

"ಇಲ್ಲಮ್ಮ. ಈ ಹೊತ್ತಿಗೆ ಇಲ್ಲಿಗೆ ಬರೋದು ಕಾಲಿಗೆ ರೂಢಿ ಆಗ್ಬಿಟ್ಟಿದೆ. ನಾನು ಹೇಳಿದ್ರೆ ಅದು ಕೇಳಲ್ಲ."

ನನ್ನ ದೆವ್ವ ಅಲ್ಲಿಂದಲೇ ಹುಟ್ಟಿತು. ಪಾತ್ರವನ್ನೂ ಅವಳೇ ಮಾಡುತ್ತಾಳೆ. "ದೆವ್ವ ಆಗ್ಬೇಕು" ಎಂದಾಗ ಮುಖ ಸಿಂಡರಿಸಲಿಲ್ಲ. "ಸಂಬಳ ಕೊಡ್ತೀಯಾ? ಹಾಗಾದ್ರೆ ಯಾವ ಪಾಳಿ?" ಎಂದು ಕೇಳಿದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಯಾರೋ ಮಾಡಿಕೊಟ್ಟ ಸೆಟ್ಟು ವಸಡು ಕೊರೆಯುತ್ತದೆಂದು ಡಬ್ಬಿಯಲ್ಲಿ ಮಲಗಿದೆ.

ಈ ಸಲ ಯಾವ ಒಪ್ಪಂದಕ್ಕೂ ಸಹಿ ಹಾಕಿಲ್ಲ. ಕ್ಯಾಮೆರಾ ಬಾಡಿಗೆಯದು, ಕತ್ತರಿ ಮಾತ್ರ ನನ್ನದೇ. ಈ ಕೊನೆಯನ್ನು ಯಾರೂ ಮುಟ್ಟುವಂತಿಲ್ಲ.

ಅಚ್ಚು ಬಿಸ್ಕತ್ತಿನ ಟಿನ್ನಿನಲ್ಲಿದೆ. ಸುತ್ತಲೂ ಹತ್ತಿ ತುಂಬಿದ್ದೇನೆ.

ಮೊಂಡಿ


ಫೆಬ್ರವರಿ 14

ಮೊಂಡಿಗೆ,

ಟಿನ್ನು ಬಂತು. ಅಚ್ಚು ಒಡೆದಿಲ್ಲ, ಆದರೆ ಕೆಲಸಕ್ಕೆ ಬರುವುದಿಲ್ಲ. ಬಲಗಡೆ ಹಿಂದೆ ಗಾಳಿಗುಳ್ಳೆ ಇದೆ. ಪುಡಿಯನ್ನು ಹೇಗೋ ಕದಡಿದ್ದೀಯ. ಹನ್ನೆರಡು ವರ್ಷದವಳಿದ್ದಾಗ ಇದಕ್ಕಿಂತ ಚೆನ್ನಾಗಿ ತೆಗೆಯುತ್ತಿದ್ದೆ. ಸಿನಿಮಾ ಕೈ ಕೆಡಿಸಿದೆ. ಮತ್ತೆ ತೆಗೆ. ಮೇಣದ ಪಟ್ಟಿಯನ್ನು ಮೆತ್ತಗೆ ಮಾಡಿ ಕಚ್ಚಿಸಿ, ಅದನ್ನೂ ಕಳಿಸು. ದವಡೆಯ ಎತ್ತರ ಗೊತ್ತಾಗದೆ ನಾನೇನು ಗಾಳಿಯಲ್ಲಿ ಹಲ್ಲು ಜೋಡಿಸಲೇ?

ಇನ್ನೊಂದು ಮಾತು. ಉದ್ದ, ಚೂಪು, ಹಳದಿ ಎಂದು ಬರೆದಿದ್ದೀಯ. ಅಂಥದ್ದು ಆಟಿಕೆ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ನಾನು ಬೇಡ. ನನ್ನ ಅಂಗಡಿಗೆ ಬರುವವರು ಹೆದರುವುದು ಯಾವಾಗ ಗೊತ್ತೇ? ಎಪ್ಪತ್ತರ ಮುಖಕ್ಕೆ ಇಪ್ಪತ್ತರ ಹಲ್ಲು ಕೂರಿಸಿ ಕನ್ನಡಿ ಕೊಟ್ಟಾಗ. ಒಂದೇ ಸಮ, ಬೆಳ್ಳಗೆ, ಒಂದು ಚೂರೂ ಸವೆದಿಲ್ಲ. ಮೊಮ್ಮಕ್ಕಳು ಅತ್ತುಬಿಡುತ್ತವೆ. ಅದಕ್ಕೇ ನಾವು ಬೇಕೆಂದೇ ಅಂಚು ಸ್ವಲ್ಪ ಸವೆಸುತ್ತೇವೆ, ಬಣ್ಣ ಸ್ವಲ್ಪ ಮಾಸಿಸುತ್ತೇವೆ. ನಿನ್ನ ದೆವ್ವ ಕೆಲಸಕ್ಕೆ ಸೇರಿದಾಗ ವಯಸ್ಸೆಷ್ಟು? ಆ ವಯಸ್ಸಿನ ಹಲ್ಲು ಕೊಡು. ಮುಖ ಮುದಿಯಾಗಿರಲಿ.

ಮಾಡಿಕೊಡುತ್ತೇನೆ ಎಂದು ಹೇಳಿಲ್ಲ. ಮಾಡುವುದಾದರೆ ಒಂದು ಷರತ್ತು. ಇದು ತನ್ನ ಬಾಯಿಯ ಅಚ್ಚು, ಯಾತಕ್ಕೆ ಬಳಸುತ್ತಾರೆಂದು ತನಗೆ ಗೊತ್ತು ಎಂದು ಆಕೆ ಬರೆದು ಸಹಿ ಹಾಕಬೇಕು.

ಅಪ್ಪ


ಫೆಬ್ರವರಿ 22

ಅಪ್ಪನಿಗೆ,

ಗುಳ್ಳೆ ಇಲ್ಲದ ಅಚ್ಚು, ಮೇಣದ ಕಚ್ಚು, ಸಹಿ ಹಾಕಿದ ಕಾಗದ ಇದರ ಜೊತೆಗಿವೆ. ಕಾಗದವನ್ನು ಅಕ್ಕ ಮೂರು ಸಲ ಓದಿದಳು. "ನನ್ನ ಹತ್ರ ಇರೋದನ್ನ ಕೇಳಿ ತಗೊಂಡೋರು ನಿಮ್ಮಪ್ಪನೇ ಮೊದಲು" ಎಂದಳು.

ಸೇರಿದಾಗ ಅವಳಿಗೆ ಮೂವತ್ತನಾಲ್ಕು. ಸಿನಿಮಾದವಳಿಗೆ ಇಪ್ಪತ್ತು ಮಾಡುತ್ತೇನೆ. ಹಲ್ಲಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ನನಗೇ ಹೊಳೆಯಲಿಲ್ಲವಲ್ಲ ಎಂದು ಸಿಟ್ಟು ಬಂದಿದೆ.

ಮೊಂಡಿ


ಮಾರ್ಚ್ 19

ಮೊಂಡಿಗೆ,

ಡಬ್ಬಿ ಎರಡಿವೆ. ಕೆಂಪು ಮುಚ್ಚಳದ್ದು ದೆವ್ವಕ್ಕೆ. ಬಿಳಿ ಮುಚ್ಚಳದ್ದು ಆಕೆಗೆ, ಉಣ್ಣಲಿಕ್ಕೆ. ಅದು ವಸಡು ಕೊರೆಯುವುದಿಲ್ಲ. ಕೊರೆದರೆ ಎಲ್ಲಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ವಾಪಸ್ ಕಳಿಸಿ.

ಅದಲುಬದಲು ಮಾಡಬೇಡ.

ಅಪ್ಪ


ಏಪ್ರಿಲ್ 27

ಅಪ್ಪನಿಗೆ,

ಚಿತ್ರೀಕರಣ ನಿನ್ನೆಗೆ ಮುಗಿಯಿತು. ಹದಿನೆಂಟು ದಿನ. ಮುಚ್ಚಿಹೋದ ಒಂದು ಬಟ್ಟೆ ಕಾರ್ಖಾನೆಯ ಒಗೆಯುವ ಕೋಣೆಯಲ್ಲಿ ತೆಗೆದೆವು. ಸಿಮೆಂಟಿನ ತೊಟ್ಟಿಗಳು, ಮೇಲೆ ಉದ್ದಕ್ಕೂ ಕೊಳವೆಗಳು, ಗೋಡೆಗೆ ನೀರಿನ ಕಲೆ. ಎಲ್ಲವನ್ನೂ ಹಗಲಿನಲ್ಲೇ ತೆಗೆದೆ. ಕ್ಯಾಮೆರಾದವನು ತಲೆ ಚಚ್ಚಿಕೊಂಡ. "ಬಿಸಿಲಲ್ಲಿ ಯಾರು ಹೆದರ್ತಾರೆ ಮೇಡಂ?" ನನ್ನ ದೆವ್ವ ಹಗಲು ಪಾಳಿಯದು, ಸಂಜೆ ಐದಕ್ಕೆ ಮನೆಗೆ ಹೋಗುತ್ತದೆ ಎಂದೆ.

ಕೆಂಪು ಡಬ್ಬಿಯ ಸೆಟ್ಟನ್ನು ಅಕ್ಕ ಮೊದಲ ಸಲ ಹಾಕಿಕೊಂಡ ದಿನ ಹೇಳಬೇಕು. ಕನ್ನಡಿ ನೋಡಿದಳು. ಆಮೇಲೆ, "ಇವಳು ಯಾರು ಅಂತ ಗೊತ್ತು ನಂಗೆ. ಇವಳ ಮುಂದೆ ನಾಟಕ ಆಡೋಕೆ ಆಗಲ್ಲ" ಎಂದಳು. ಆಡಲೂ ಇಲ್ಲ. ಸುಮ್ಮನೆ ಚಾದರ ಮಡಚಿದಳು, ತಲೆಯೆತ್ತಿ ಒಮ್ಮೆ ನಕ್ಕಳು. ಕ್ಯಾಮೆರಾದವನು ಒಂದು ಹೆಜ್ಜೆ ಹಿಂದೆ ಸರಿದ. ಆ ಅಲುಗಾಟ ಸಿನಿಮಾದಲ್ಲಿ ಹಾಗೇ ಇದೆ. ತೆಗೆಯುವುದಿಲ್ಲ.

ಕೊನೆಯ ಒಂಬತ್ತು ನಿಮಿಷ ಹೀಗಿದೆ. ಆಸ್ಪತ್ರೆಯ ಮೇಲ್ವಿಚಾರಕ ಅವಳನ್ನು ಹೊರಗೆ ಹಾಕಲೆಂದೇ ಕೋಣೆಗೆ ಬರುತ್ತಾನೆ. ಅವಳು ತಿರುಗಿ ನೋಡುವುದಿಲ್ಲ. ಮಡಚುತ್ತಲೇ ಇರುತ್ತಾಳೆ. ಬೈಯುತ್ತಾನೆ, ಕೂಗುತ್ತಾನೆ, ಕೊನೆಗೆ ಸುಸ್ತಾಗಿ ಚಾದರದ ಇನ್ನೊಂದು ತುದಿ ಹಿಡಿಯುತ್ತಾನೆ. ಇಬ್ಬರೂ ಮಡಚುತ್ತಾರೆ. ಅವನಿಗೆ ಬಾಗಿಲು ಸಿಗುವುದೇ ಇಲ್ಲ. ಅಷ್ಟೇ. ಕಾವಿಯೂ ಇಲ್ಲ, ಹೊಗೆಯೂ ಇಲ್ಲ.

ಬಿಳಿ ಡಬ್ಬಿಯದು ಎಲ್ಲೂ ಕೊರೆಯುತ್ತಿಲ್ಲವಂತೆ. ಮೊನ್ನೆ ಕಡಲೆಕಾಯಿ ತಿಂದು ತೋರಿಸಿದಳು.

ಮೊಂಡಿ


ಜೂನ್ 16

ಅಪ್ಪನಿಗೆ,

ದೊಡ್ಡ ಕಂಪನಿಯೊಂದು ಸಿನಿಮಾ ನೋಡಿತು. ತೆಗೆದುಕೊಳ್ಳುತ್ತೇವೆ ಎಂದರು. ನೂರಾರು ಊರುಗಳಲ್ಲಿ ಒಂದೇ ದಿನ, ಆಮೇಲೆ ಮನೆಮನೆಯ ಟೀವಿಯಲ್ಲಿ. ಹನ್ನೊಂದು ವರ್ಷದಿಂದ ಈ ಫೋನಿಗಾಗಿ ಕಾದಿದ್ದೆ.

ಆಯ್ಕೆ ಮಾಡುವ ಸಾಹೇಬರು ಗಾಜಿನ ಕೋಣೆಯಲ್ಲಿ ಕೂರಿಸಿ ಟೀ ತರಿಸಿದರು. "ಅದ್ಭುತ ಮೇಡಂ. ಆ ಮುದುಕಿ ನಗು ಇದೆಯಲ್ಲ, ನಮ್ಮನೇಲಿ ಎರಡು ದಿನ ಯಾರೂ ಬಟ್ಟೆ ಮಡಚಲಿಲ್ಲ. ಒಂದೇ ಒಂದು ಸಣ್ಣ ವಿಷಯ."

"ಹೇಳಿ."

"ಕೊನೇಲಿ ದೆವ್ವ ಹೋಗ್ಬೇಕು. ಜನ ದುಡ್ಡು ಕೊಟ್ಟು ಬಂದಿರ್ತಾರೆ, ನೆಮ್ಮದಿಯಾಗಿ ಮನೆಗೆ ಹೋಗ್ಬೇಡ್ವಾ? ಯಾರಾದ್ರೂ ಒಬ್ಬರು ಬಂದು ಓಡಿಸ್ಲಿ. ಒಂಬತ್ತು ನಿಮಿಷ ತೆಗೀರಿ, ಬೇರೆ ಒಂಬತ್ತು ನಿಮಿಷ ನಾವೇ ಶೂಟ್ ಮಾಡಿಸ್ಕೊಡ್ತೀವಿ."

ಹತ್ತು ದಿನ ಸಮಯ ಕೊಡಿ ಎಂದು ಬಂದೆ. ಆಗಲೇ ಎದ್ದು ಬರಬೇಕಿತ್ತು, ಬರಲಿಲ್ಲ. ಅದನ್ನೂ ಬರೆಯುತ್ತಿದ್ದೇನೆ. ನನಗೆ ಮೂವತ್ತೇಳು ವಯಸ್ಸು. ಬಾಡಿಗೆ ಕೋಣೆಯಲ್ಲಿ ಮೂರು ಲೈಟು, ಒಂದು ಹಾಸಿಗೆ. ಒಲ್ಲೆ ಎಂದರೆ ಈ ಸಿನಿಮಾವನ್ನು ನಾನು, ಅಕ್ಕ, ಕ್ಯಾಮೆರಾದವನು ಬಿಟ್ಟು ಯಾರೂ ನೋಡದೆ ಹೋಗಬಹುದು. ಹ್ಞೂಂ ಎಂದರೆ ಎಲ್ಲರೂ ನೋಡುತ್ತಾರೆ, ಆದರೆ ಏನನ್ನು?

ಸಲಹೆ ಕೇಳುತ್ತಿಲ್ಲ. ಸುದ್ದಿ ತಿಳಿಸಿದೆ.

ಮೊಂಡಿ


ಜೂನ್ 22

ಮೊಂಡಿಗೆ,

ಸಲಹೆ ಕೊಡುವುದಿಲ್ಲ. ನಾನೂ ಒಂದು ಸುದ್ದಿ ತಿಳಿಸುತ್ತೇನೆ.

ಮೊದಲ ಸಿನಿಮಾದ ಮಾರನೆಯ ದಿನ ಹೆಡ್‌ಮಾಸ್ಟರು ಅಂಗಡಿಗೆ ಬಂದು ಕೂಗಾಡಿದ್ದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅವರನ್ನು ಸಮಾಧಾನ ಮಾಡಲು ನಾನೊಂದು ಮಾತು ಕೊಟ್ಟೆ. "ಇನ್ನು ಮೇಲೆ ನನ್ನ ಮಗಳು ಸಿನಿಮಾ ಮಾಡಲ್ಲ, ಅದು ನನ್ನ ಜವಾಬ್ದಾರಿ" ಎಂದೆ. ಆ ಮಾತು ಉಳಿಸಿಕೊಳ್ಳಲಿಕ್ಕೇ ನಿನಗೆ ಕಾಲಿಡಬೇಡ ಎಂದದ್ದು. ನಿನ್ನ ಕೆಲಸದ ಮೇಲೆ ಮಾತು ಕೊಡಲು ನಾನ್ಯಾರು? ನಿನ್ನ ಅಮ್ಮ ಇದ್ದಿದ್ದರೆ ಆವತ್ತೇ ನನ್ನ ಕಿವಿ ಹಿಂಡುತ್ತಿದ್ದಳು. ಹಿಂಡಿದ್ದರೂ ಆ ಕಿವಿಗೆ ಕೇಳಿಸುತ್ತಿರಲಿಲ್ಲ, ಅದು ಬೇರೆ.

ಮೊನ್ನೆ ಅವರ ಮನೆಗೆ ಹೋದೆ. ಪುಣ್ಯಕ್ಕೆ ಅವರ ಗಂಟಲು ನನ್ನ ಕಿವಿಗೆ ತಕ್ಕದ್ದು.

"ಸಾರ್, ಮೂರು ವರ್ಷದ ಹಿಂದೆ ಒಂದು ಮಾತು ಕೊಟ್ಟಿದ್ದೆ. ವಾಪಸ್ ತಗೊಂಡು ಹೋಗೋಕೆ ಬಂದಿದ್ದೀನಿ."

"ಮಾತನ್ನ ವಾಪಸ್ ತಗೊಳ್ಳೋದಾ? ಅದೇನು ಹಲ್ಲುಸೆಟ್ಟೇನ್ರೀ?"

"ನನ್ನದಲ್ಲದ್ದನ್ನ ಕೊಟ್ಟಿದ್ದೆ ಸಾರ್. ಅವಳು ಮೂರನೇದು ಮಾಡಿದ್ದಾಳೆ. ಹಲ್ಲು ಈ ಸಲ ನಾನೇ ಮಾಡಿಕೊಟ್ಟಿದ್ದೀನಿ."

"ಯಾರ ಹಲ್ಲು?" ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಪಾಪ.

ಸಹಿ ಮಾಡಿಸಿ ಮಾಡಿದ್ದು, ನಿಮ್ಮದಲ್ಲ ಎಂದೆ. ಬಹಳ ಹೊತ್ತು ಬೈದರು. ಕೂತು ಕೇಳಿದೆ. ಏಳುವಾಗ, "ಎಷ್ಟು ಬೇಕಾದ್ರೂ ಬೈರಿ ಸಾರ್, ಆದ್ರೆ ಅವಳು ನಿಲ್ಲಿಸಲ್ಲ, ನಾನೂ ನಿಲ್ಲಿಸು ಅನ್ನಲ್ಲ" ಎಂದು ಹೇಳಿ ಬಂದೆ.

ಇಷ್ಟೇ ಸುದ್ದಿ.

ಅಪ್ಪ


ಜುಲೈ 1

ಅಪ್ಪನಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಬರೆಯುವುದಿಲ್ಲ.

ಅದು ಬಂದ ಮಾರನೆಯ ದಿನವೇ ಕಂಪನಿಗೆ ಹೋದೆ. ಅಕ್ಕನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಸಾಹೇಬರು ಒಪ್ಪಂದವನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತಿದ್ದರು.

"ದೆವ್ವ ಹೋಗಲ್ಲ ಸಾರ್" ಎಂದೆ.

"ಯಾಕಿಷ್ಟು ಹಟ ಮೇಡಂ? ಅದೊಂದು ದೆವ್ವ."

"ಇಪ್ಪತ್ತಾರು ವರ್ಷ ದುಡಿದವಳನ್ನ ಒಂದು ಸಲ ಹೊರಗೆ ಹಾಕಿದ್ದಾರೆ. ಸಿನಿಮಾದಲ್ಲೂ ನಾನೇ ಹಾಕ್ಬೇಕಾ? ಅದಕ್ಕೆ ನಿಮ್ಮ ಟೀ ಬೇರೆ ಕುಡೀಬೇಕಾ?"

"ಹಾಗಾದ್ರೆ ನಿಮ್ಮ ಕೋಣೆ ಗೋಡೆ ಮೇಲೆ ಹಾಕ್ಕೊಂಡು ನೋಡಿ" ಎಂದರು, ನಗುತ್ತಲೇ. ಅಕ್ಕ ಎದ್ದಳು. "ಗೋಡೆ ಯಾಕೆ? ಚಾದರ ಇಲ್ವಾ ನಮ್ಮ ಹತ್ರ?" ಎಂದು ಬಾಗಿಲು ತೆರೆದುಕೊಂಡು ಹೊರಗೆ ನಡೆದಳು. ಅವಳ ಹಿಂದೆ ನಾನು. ಲಿಫ್ಟಿನಲ್ಲಿ ಎರಡು ಸಲ ತಪ್ಪು ಗುಂಡಿ ಒತ್ತಿದೆ. ಧೈರ್ಯದಿಂದ ಬಂದೆ ಎಂದು ತಿಳಿಯಬೇಡಿ. ಹೆದರಿಕೊಂಡೇ ಬಂದೆ, ಆದರೆ ಬಂದೆ.

ಆಸ್ಪತ್ರೆ ಕೆಲಸಗಾರರ ಸಂಘಕ್ಕೆ ಒಂದು ಸಭಾಂಗಣವಿದೆ. ಆಗಸ್ಟ್ 9, ಭಾನುವಾರ, ಬೆಳಿಗ್ಗೆ ಹತ್ತು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟುತ್ತೇವೆ. ಸಾಹೇಬರಿಗೂ ಒಂದು ಚೀಟಿ ಕಳಿಸಿದ್ದೇನೆ, ಹೊಟ್ಟೆ ಉರಿಯಲಿ ಎಂದು. ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ಬಸ್ಸಿನಲ್ಲಿ ಐದು ಗಂಟೆ. ವಿಳಾಸ ಹಿಂಬದಿಗೆ ಬರೆದಿದೆ.

ಮೊಂಡಿ


ಆಗಸ್ಟ್ 10

ಮೊಂಡಿಗೆ,

ನಿನ್ನೆ ಬಂದಿದ್ದೆ. ಕೊನೆಯ ಸಾಲು, ಬಲಗಡೆಯ ತುದಿ. ಹೇಳಿದ್ದರೆ ನೀನು ಮುಂದೆ ಕೂರಿಸುತ್ತಿದ್ದೆ. ಮುಂದೆ ಕೂತರೆ ಜನರ ಬೆನ್ನು ಕಾಣುವುದಿಲ್ಲ. ನನಗೆ ಕಿರುಚಾಟ ಕೇಳಿಸುವುದಿಲ್ಲ, ಬೆನ್ನು ನೋಡಿಯೇ ತಿಳಿಯಬೇಕು.

ಕುರ್ಚಿ ನೂರಿಪ್ಪತ್ತು, ಜನ ಎಂಬತ್ತಮೂರು. ಅರ್ಧದಲ್ಲಿ ನಾಲ್ವರು ಎದ್ದು ಹೋದರು, ಅದರಲ್ಲಿ ಒಬ್ಬನಿಗೆ ಫೋನ್ ಬಂದಿತ್ತು. ಆಕೆ ತಲೆಯೆತ್ತಿ ನಕ್ಕಾಗ ಮುಂದಿನ ಮೂರು ಸಾಲಿನ ಬೆನ್ನುಗಳು ಒಟ್ಟಿಗೆ ಕುರ್ಚಿಗೆ ಅಂಟಿಕೊಂಡವು. ಯಾರೂ ನಗಲಿಲ್ಲ. ಹಲ್ಲು ಮಾಡಿದವನು ನಾನೇ, ಆದರೂ ನನ್ನ ಕೈ ಪಕ್ಕದವರ ತೋಳಿನ ಮೇಲಿತ್ತು. ಕ್ಷಮಿಸಿ ಎಂದೆ. ಅವರು ಪರವಾಗಿಲ್ಲ ಎಂಬಂತೆ ನನ್ನ ಕೈಯನ್ನು ಅಲ್ಲೇ ಹಿಡಿದುಕೊಂಡರು. ಅವರಿಗೂ ಬೇಕಾಗಿತ್ತು.

ಕೊನೆಯ ಒಂಬತ್ತು ನಿಮಿಷ ಒಬ್ಬರೂ ಏಳಲಿಲ್ಲ.

ದೀಪ ಹಾಕಿದ ಮೇಲೆ ಯಾರೋ ಆಕೆಯನ್ನು ಏನೋ ಕೇಳಿದರು. ಆಕೆ ಹೇಳಿದ್ದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ತಿಳಿಯಲಿಲ್ಲ. ಪಕ್ಕದವರು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರು. ಪ್ರಶ್ನೆ: "ದೆವ್ವ ಕೊನೆಗೂ ಯಾಕೆ ಹೋಗಲಿಲ್ಲ?" ಉತ್ತರ: "ಎಲ್ಲಿಗೆ ಹೋಗ್ಬೇಕಪ್ಪಾ? ಹೋಗು ಅನ್ನೋರಿಗೆ ಒಂದು ಚಾದರ ನೆಟ್ಟಗೆ ಮಡಚೋಕೆ ಬರುತ್ತಾ, ಮೊದ್ಲು ಕೇಳು."

ಹೊರಗೆ ಬಂದಾಗ ಗಾಜಿನ ಕೋಣೆಯವರೇ ಇರಬೇಕು, ಇಸ್ತ್ರಿ ಅಂಗಿಯ ಒಬ್ಬರು ನಿನ್ನ ಮುಂದೆ ನಿಂತು ನಾಲ್ಕು ಬೆರಳು ತೋರಿಸುತ್ತಿದ್ದರು. ಒಂಬತ್ತನ್ನು ನಾಲ್ಕು ನಿಮಿಷಕ್ಕೆ ಇಳಿಸಿದರೆ ಸಾಕು ಎನ್ನುತ್ತಿದ್ದಾರೆಂದು ನನ್ನ ಊಹೆ. ನೀನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು, ಹತ್ತಿಬಿಟ್ಟೆ.

ನಿಜ ಹೇಳುತ್ತೇನೆ. ಏಳನೆಯ ನಿಮಿಷದಲ್ಲಿ ನನಗೆ ಸ್ವಲ್ಪ ಬೇಜಾರಾಯಿತು. ಇನ್ನೂ ಎಷ್ಟು ಚಾದರ ಎನ್ನಿಸಿತು. ಆಮೇಲೆ ಅವಳಿಗೂ ಹಾಗೇ ಅನ್ನಿಸಿರಬೇಕು, ಇಪ್ಪತ್ತಾರು ವರ್ಷ, ಎಂದುಕೊಂಡೆ. ಒಂದು ನಿಮಿಷವನ್ನೂ ಕೊಡಬೇಡ.

ನಿನ್ನ ಅಪ್ಪ


ಆಗಸ್ಟ್ 15

ಅಪ್ಪನಿಗೆ,

ಐದು ಗಂಟೆ ಪ್ರಯಾಣ ಮಾಡಿ ಬಂದವರು ಐದು ನಿಮಿಷ ನಿಲ್ಲಬಾರದಿತ್ತೇ? ಮುಂದಿನ ಬಸ್ಸು ಇರಲಿಲ್ಲವೇ? ಮೊಂಡುತನ ನನಗೆ ಎಲ್ಲಿಂದ ಬಂತು ಎಂದು ಊರವರು ಇನ್ನು ಕೇಳುವಂತಿಲ್ಲ.

ನಿಮ್ಮ ಊಹೆ ಸರಿ. ನಾಲ್ಕು ನಿಮಿಷಕ್ಕೆ ಇಳಿಸಿ, ದೆವ್ವ ಇದ್ದರೆ ಇರಲಿ, ನಾಳೆಯೇ ಸಹಿ ಮಾಡೋಣ ಎಂದರು. ಆ ಮಾತಿಗೆ ಒಂದು ಕ್ಷಣ ಮನಸ್ಸು ವಾಲಿತು. ವಾಲಿದ್ದು ನಿಜ. ಆದರೂ ಆಗುವುದಿಲ್ಲ ಎಂದೆ.

ಸಂಘದವರು ಇನ್ನೂ ಮೂರು ಊರುಗಳ ಸಭಾಂಗಣ ಹಿಡಿದಿದ್ದಾರೆ. ನಾಳೆ ಬೆಳಿಗ್ಗೆ ಆರರ ರೈಲಿಗೆ ಹೊರಡುತ್ತೇವೆ. ಅಕ್ಕ ಎರಡೂ ಡಬ್ಬಿ ಕಟ್ಟಿಕೊಂಡಿದ್ದಾಳೆ, ನಾನು ಸಿನಿಮಾ ಕಟ್ಟಿಕೊಂಡಿದ್ದೇನೆ. ಒಂಬತ್ತಕ್ಕೆ ಒಂಬತ್ತು ನಿಮಿಷವೂ ಹಾಗೇ ಇವೆ.

ನಿಮ್ಮ ಮಗಳು,
ಮೊಂಡಿ